ಮಾವನಿಗೆ ಎಂಟು ತಿಂಗಳು

ನನ್ನ ಬಸಿರಿನ ವಿಷಯ ನನಗಿಂತ ಚೆನ್ನಾಗಿ ಗೊತ್ತಿದ್ದದ್ದು ಮಾವನ ಕ್ಷೌರದ ಅಂಗಡಿಗೆ ಬರುವ ಗಿರಾಕಿಗಳಿಗೆ. ಅದಕ್ಕೆ ಕಾರಣ ನಮ್ಮತ್ತೆ. ಆರೋಗ್ಯ ಕೇಂದ್ರದಲ್ಲಿ ನನ್ನ ಹೆಸರು ಬರೆಸುವಾಗ ನರ್ಸಮ್ಮ, ಗರ್ಭಿಣಿಯರಿಗೆ ವಾರವಾರ ಫೋನಿನಲ್ಲಿ ಸಲಹೆ ಬರುತ್ತದೆ, ಒಂದು ನಂಬರು ಕೊಡಿ ಎಂದರು. ನನ್ನ ಹತ್ತಿರ ಫೋನಿರಲಿಲ್ಲ. ನನ್ನ ಗಂಡ ಲಾರಿ ಓಡಿಸುವವರು, ಹೋದಲ್ಲೆಲ್ಲ ಸಿಮ್ಮು ಬದಲಿಸುತ್ತಾರೆ. ಅತ್ತೆಗೆ ಬಾಯಿಪಾಠ ಇದ್ದದ್ದು ಒಂದೇ ನಂಬರು, ಅಂಗಡಿಯ ಬೋರ್ಡಿನ ಮೇಲೆ ಬಣ್ಣದಲ್ಲಿ ಬರೆಸಿದ್ದು. ಅದನ್ನೇ ಠೀವಿಯಿಂದ ಹೇಳಿ ಬಂದರು.

ಮಾವನ ಎರಡೂ ಕೈ ಯಾವಾಗಲೂ ಸೋಪಿನ ನೊರೆಯಲ್ಲಿ. ಹಾಗಾಗಿ ಅವರ ಫೋನು ಕನ್ನಡಿಯ ಮುಂದೆ ಕೂತು ಸ್ಪೀಕರಿನಲ್ಲೇ ಮಾತಾಡಬೇಕು. ಮಂಗಳವಾರ ಬೆಳಿಗ್ಗೆ, ಗಿರಾಕಿಯ ಗಲ್ಲ ಎತ್ತಿ ಹಿಡಿದು ಕತ್ತಿ ಆಡಿಸುತ್ತಿರುವಾಗ, ಒಬ್ಬ ಹೆಂಗಸು ಇಂಪಾಗಿ ಶುರುಮಾಡುವಳು: "ನಮಸ್ಕಾರ ಅಮ್ಮಾ. ನಿಮ್ಮ ಹೊಟ್ಟೆಯಲ್ಲಿರುವ ಮಗು ಈಗ ನಿಮ್ಮ ದನಿ ಕೇಳಿಸಿಕೊಳ್ಳುತ್ತಿದೆ." ನಡುವೆ ಕಟ್ ಮಾಡಿದರೆ ಮತ್ತೆ ಬರುತ್ತಿತ್ತು, ಅದೂ ಮೊದಲಿನಿಂದ. ಕೊನೆಯಲ್ಲಿ, ಅರ್ಥವಾಗಿದ್ದರೆ ಒಂದನ್ನು ಒತ್ತಿ ಎನ್ನುವಳು. ಮಾವ ನೊರೆ ಬೆರಳಿನಲ್ಲೇ ಒತ್ತುವರು. ಬೆಂಚಿನ ಮೇಲೆ ಪೇಪರು ಹಿಡಿದು ಕೂರುವ ಪಕ್ಕದಂಗಡಿಯ ದರ್ಜಿಯಂತೂ ಒಂದು ಮಂಗಳವಾರವನ್ನೂ ತಪ್ಪಿಸಲಿಲ್ಲ. ಮಾವನಿಗೆ ಈಗ ಎಷ್ಟು ತಿಂಗಳು ಎಂದು ಬೀದಿಯವರೆಲ್ಲ ಕೇಳುವ ಹಾಗಾಯಿತು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ತರಕಾರಿಗೆ ಹೋದರೆ ಆಟೋದವನೊಬ್ಬ ಗಾಡಿ ನಿಧಾನ ಮಾಡಿ, ಅಕ್ಕಾ, ರಕ್ತದ ಮಾತ್ರೆ ತಪ್ಪದೆ ತಗೊಳ್ತಿದೀರಿ ತಾನೆ ಎಂದು ವಿಚಾರಿಸಿದ. ಮಾನ ಮರ್ಯಾದೆ ಎನ್ನುವುದು ಬೇಡವೇ?

ಇಷ್ಟಾದರೂ ಮಾವ ನನ್ನ ಹತ್ತಿರ ಒಂದು ಮಾತೂ ಎತ್ತಿದವರಲ್ಲ. ಸೊಸೆಯ ಮುಖ ನೋಡಿ ಇಂಥದ್ದನ್ನೆಲ್ಲ ಹೇಳಲು ಅವರಿಗೆ ಸಂಕೋಚ. ಊಟಕ್ಕೆ ಕೂತಾಗ ಗೋಡೆಯನ್ನು ನೋಡುತ್ತಾ, "ಎಡ ಮಗ್ಗುಲಿಗೆ ಮಲಗಬೇಕಂತೆ" ಎನ್ನುವರು.

"ಯಾರು, ನೀವಾ?" ಎನ್ನುವರು ಅತ್ತೆ.

ತಾನು ಮೂರು ಹೆತ್ತಾಗ ಯಾವ ಫೋನು ಬಂದು ಹೇಳಿಕೊಟ್ಟಿತ್ತು ಎಂಬುದು ಅತ್ತೆಯ ವಾದ. ಮಾವ ತಟ್ಟೆಗೆ ಮುಖ ಹಾಕಿ ಉಣ್ಣುವರು. ಮಾರನೆಯ ದಿನ ಅಡುಗೆಮನೆಯಲ್ಲಿ ಒಂದು ಕಟ್ಟು ಸೊಪ್ಪೋ, ಕಾಲು ಎತ್ತಿಡಲು ಒಂದು ಮೋಟು ಸ್ಟೂಲೋ ತಾನಾಗಿಯೇ ನಡೆದು ಬಂದಂತೆ ಕೂತಿರುತ್ತಿತ್ತು.

ಎಂಟನೇ ತಿಂಗಳಲ್ಲಿ ನನ್ನ ಬೆರಳು ಊದಿ ಉಂಗುರ ಸಿಕ್ಕಿಕೊಂಡಿತು. ತಲೆ ಸಿಡಿಯತೊಡಗಿತು. ಬಸಿರಲ್ಲಿ ಇದೆಲ್ಲ ಇದ್ದದ್ದೇ ಎಂದರು ಅತ್ತೆ. ಇರಬಹುದು ಎಂದುಕೊಂಡು ಮಧ್ಯಾಹ್ನ ಎಂದಿನಂತೆ ಮಾವನ ಊಟದ ಕ್ಯಾರಿಯರ್ ಹಿಡಿದು ಅಂಗಡಿಗೆ ಹೋದೆ. ಕುರ್ಚಿಯಲ್ಲಿ ಅದೇ ಆಟೋದವನು. ಅರ್ಧ ಗಡ್ಡ ಹೋಗಿತ್ತು, ಇನ್ನರ್ಧ ನೊರೆಯೊಳಗಿತ್ತು. ಕನ್ನಡಿಯ ಮೇಲಿನ ಟ್ಯೂಬ್‌ಲೈಟು ಕಿಡಿ ಹಾರಿಸುತ್ತಿರುವಂತೆ ಕಂಡಿತು.

"ಈ ಲೈಟು ಯಾಕೆ ಹೀಗೆ ಮಿನುಗ್ತಾ ಇದೆ?" ಎಂದೆ.

ಬೆಂಚಿನಲ್ಲಿದ್ದ ದರ್ಜಿಯೂ ಸೇರಿ ಮೂವರೂ ತಲೆಯೆತ್ತಿ ಲೈಟು ನೋಡಿದರು. ಬೆಳಿಗ್ಗೆಯಿಂದ ಕರೆಂಟೇ ಇರಲಿಲ್ಲವಂತೆ.

ಮಾವ ಕತ್ತಿ ಕೆಳಗಿಟ್ಟರು. ನಾನು ಈ ಮನೆಗೆ ಬಂದ ಮೇಲೆ ಮೊದಲ ಸಲ ನನ್ನ ಮುಖವನ್ನು ನೆಟ್ಟಗೆ ನೋಡಿದರು.

"ತಲೆ ನೋಯ್ತಿದೆಯೇನಮ್ಮ?"

"ಹೂಂ ಮಾವ."

"ಕೈ ಊದಿದೆಯಾ ಕೇಳು," ಎಂದ ದರ್ಜಿ, ಬೆಂಚಿನಿಂದ ಏಳುತ್ತಾ.

ಅಷ್ಟರಲ್ಲಿ ಆಟೋದವನು ಕೊರಳಿನ ಟವೆಲ್ಲು ಕಿತ್ತೆಸೆದು ಗಾಡಿ ಸ್ಟಾರ್ಟ್ ಮಾಡಿದ್ದ. ತಲೆನೋವು, ಊತ, ಕಣ್ಣೆದುರು ಮಿನುಗು, ಕಂಡ ಕೂಡಲೇ ಆಸ್ಪತ್ರೆ: ಮೂವರಿಗೂ ಫೋನಿನ ಪಾಠ ಒಪ್ಪಿಸುವಷ್ಟು ಬರುತ್ತಿತ್ತು. ಅತ್ತೆಯನ್ನು ಒಂದು ಮಾತು ಕೇಳಿ ಹೋಗೋಣ ಎಂದೆ ನಾನು.

"ಅವಳನ್ನ ಆಮೇಲೆ ಕೇಳೋಣ. ಹತ್ತು," ಎಂದರು ಮಾವ. ಅತ್ತೆಯನ್ನು ಕೇಳದೆ ಅವರು ಒಂದು ಹೆಜ್ಜೆ ಇಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಸ್ಪತ್ರೆಯಲ್ಲಿ ನನ್ನ ಬಿ.ಪಿ. ನೋಡಿದ ಡಾಕ್ಟರಮ್ಮ, ಇನ್ನು ಸ್ವಲ್ಪ ತಡವಾಗಿದ್ದರೆ ಫಿಟ್ಸ್ ಬಂದು ತಾಯಿ ಮಗು ಇಬ್ಬರ ಜೀವಕ್ಕೂ ಅಪಾಯವಾಗುತ್ತಿತ್ತು ಎಂದರು. ಅವತ್ತೇ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು, ಬಲು ಸಣ್ಣದು. ನನಗೆ ಸರಿಯಾಗಿ ಎಚ್ಚರವೇ ಇರಲಿಲ್ಲ. ಮುಂದಿನದನ್ನು ಹೇಳಿದ್ದು ಸುದ್ದಿ ತಿಳಿದು ಆಸ್ಪತ್ರೆಗೆ ಓಡಿ ಬಂದಿದ್ದ ಅತ್ತೆ, ಒಮ್ಮೆ ಅಳುತ್ತಾ, ಒಮ್ಮೆ ನಗುತ್ತಾ.

ಮಗುವನ್ನು ಬರಿ ಎದೆಗೆ ಒರಗಿಸಿಕೊಂಡು ಬೆಚ್ಚಗಿಡಬೇಕು, ತಾಯಿಗೆ ಈಗ ಆಗುವುದಿಲ್ಲ, ಮನೆಯವರು ಯಾರಾದರೂ ಬನ್ನಿ ಎಂದು ಅಲ್ಲಿನ ನರ್ಸಮ್ಮ ಕರೆದರಂತೆ. ಬರಿ ಎದೆ ಎಂದ ಕೂಡಲೇ ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. ನರ್ಸಮ್ಮ ಹೇಗೆ, ಏಕೆ ಎಂದು ಅವರಿಗೆ ವಿವರಿಸಿ ಮುಗಿಸುವಷ್ಟರಲ್ಲಿ ಮಾವ ಅಂಗಿ ಬಿಚ್ಚಿ ಮೊಳೆಗೆ ಹಾಕಿ, ಕೈ ಎದೆ ತೊಳೆದು, ಕುರ್ಚಿಗೆ ಒರಗಿ ಕೂತಿದ್ದರು. ಈ ಪಾಠ ಹೋದ ಮಂಗಳವಾರವೇ ಆಗಿತ್ತಂತೆ.

ನನ್ನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮಗುವಿನ ಬಳಿಗೆ ಕರೆದೊಯ್ದ ದಿನ ಮಂಗಳವಾರ. ಬಾಗಿಲಲ್ಲಿ ಆಟೋದವನು ನಿಂತಿದ್ದ. ಉಳಿದರ್ಧ ಗಡ್ಡವನ್ನು ಮಾವನ ಕೈಯಿಂದಲೇ ತೆಗೆಸುವುದೆಂದು ಹಠ ಹಿಡಿದು ಹಾಗೇ ತಿರುಗುತ್ತಿದ್ದನಂತೆ, ಪುಣ್ಯಾತ್ಮ. ಒಳಗೆ ಮಾವನ ಎದೆಯ ನರೆಗೂದಲಿನಲ್ಲಿ ಮೂಗು ಹುದುಗಿಸಿ ನನ್ನ ಮಗಳು ನಿದ್ದೆ ಹೊಡೆಯುತ್ತಿದ್ದಳು.

ಮೊಳೆಯಲ್ಲಿದ್ದ ಅಂಗಿಯ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅತ್ತೆ ಓಡಿ ಹೋಗಿ ತೆಗೆದು, ಸ್ಪೀಕರು ಹಾಕಿ, ಎಲ್ಲರೂ ಸುಮ್ಮನಿರಿ ಎಂದು ಸನ್ನೆ ಮಾಡಿದರು.

"ನಮಸ್ಕಾರ ಅಮ್ಮಾ," ಎಂದಳು ಆ ಹೆಂಗಸು. "ನಿಮ್ಮ ಮಗುವಿಗೆ ನಿಮ್ಮ ದನಿಯ ಗುರುತಿದೆ. ಅದನ್ನು ಮಾತಾಡಿಸಿ."

ಮಾವ ನೋಡಿದ್ದು ನನ್ನನ್ನು, ಗೋಡೆಯನ್ನಲ್ಲ. "ನೀನು ಮಾತಾಡಿಸಮ್ಮ," ಎಂದರು. "ಇಷ್ಟು ದಿನ ನನ್ನ ಗೊಗ್ಗರು ದನಿ ಕೇಳಿ ಕೇಳಿ, ನಾನೇ ತಾಯಿ ಅಂದ್ಕೊಂಡುಬಿಟ್ಟಿದೆ."

ಮಗುವನ್ನು ನನ್ನ ಎದೆಯ ಮೇಲೆ ಮಲಗಿಸಿದರು. ತಲೆ ಬಾಗಿಸಿ ಅದರ ಕಿವಿಯ ಬಳಿ, "ಕಂದಾ," ಎಂದೆ. ಫೋನಿನ ಹೆಂಗಸು, ಅರ್ಥವಾಗಿದ್ದರೆ ಒಂದನ್ನು ಒತ್ತಿ ಎಂದಳು. ಮಾವ ಕೈ ಚಾಚಿದರು. ಅತ್ತೆ ಫೋನು ಕೊಡಲಿಲ್ಲ, ಕಣ್ಣೊರೆಸಿಕೊಂಡು ತಾವೇ ಒತ್ತಿದರು.