ಒಪ್ಪಿಗೆ ಒತ್ತಿದವರು ಯಾರು

ಪ್ರಾಣಿಗಳ ಆ ಚಿಕ್ಕ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದವರು ಇಬ್ಬರೇ ಹೆಂಗಸರು. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ. ಒಬ್ಬಳು ಡಾಕ್ಟರಮ್ಮ. ಇನ್ನೊಬ್ಬಳು ಅವಳ ಅತ್ತಿಗೆ, ತೀರಿಹೋದ ಅಣ್ಣನ ಹೆಂಡತಿ. ಕಟ್ಟಡ ಅಣ್ಣ-ತಂಗಿ ಇಬ್ಬರ ಹೆಸರಲ್ಲೂ ಇತ್ತು. ಅಣ್ಣ ಹೋದ ಮೂರನೇ ತಿಂಗಳಿಗೆ ಅತ್ತಿಗೆ ಒಂದು ಬೆಳಿಗ್ಗೆ ಬಂದು, ಕೌಂಟರಿನ ಹಿಂದಿನ ಕುರ್ಚಿಯ ಮೇಲೆ ಕೈಚೀಲ ಇಟ್ಟು, "ಮನೇಲಿ ಕೂತು ಕೂತು ಗೋಡೆ ನೋಡಿದ್ದಾಯ್ತು. ಇನ್ನು ಇಲ್ಲೇ ಕೂರ್ತೀನಿ" ಅಂದಳು. ಬೇಡ ಅನ್ನಲು ಡಾಕ್ಟರಮ್ಮನಿಗೆ ಬಾಯಿ ಬರಲಿಲ್ಲ. ಹೇಳದೆ ನುಂಗಿದ ಆ ಒಂದು ಮಾತು ಎರಡು ವರ್ಷದಿಂದ ಅವಳ ಹೊಟ್ಟೆಯಲ್ಲಿ ಹುಳಿಯುತ್ತಿತ್ತು.

ಜಗಳಕ್ಕೆ ಕಾರಣವನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಕಿಟಕಿ ತೆರೆದರೆ ಒಬ್ಬಳಿಗೆ ಧೂಳು, ಮುಚ್ಚಿದರೆ ಇನ್ನೊಬ್ಬಳಿಗೆ ಬೆಕ್ಕಿನ ನಾತ. ಅತ್ತಿಗೆ ಫೈಲುಗಳನ್ನು ಪ್ರಾಣಿಯ ಹೆಸರಿನ ಪ್ರಕಾರ ಜೋಡಿಸಿದರೆ ಡಾಕ್ಟರಮ್ಮ ಬಂದು ಯಜಮಾನರ ಹೆಸರಿನ ಪ್ರಕಾರ ಮಾಡಿಟ್ಟು ಹೋಗುತ್ತಿದ್ದಳು. ಇಷ್ಟಾದರೂ ಇಬ್ಬರೂ ಬಹುವಚನ ಬಿಟ್ಟವರಲ್ಲ. "ನೀವು", "ನಿಮ್ಮ" ಅಂತ ಮರ್ಯಾದೆ ಕೊಟ್ಟುಕೊಂಡೇ ಒಬ್ಬರನ್ನೊಬ್ಬರು ಕಚ್ಚುತ್ತಿದ್ದರು.

ಇದರ ನಡುವೆ ಕೌಂಟರಿನ ಕಂಪ್ಯೂಟರು ಕೆಡುತ್ತಾ ಬಂತು. ಬ್ರೌಸರಿನ ನೆತ್ತಿಯ ಮೇಲೆ ಒಂದು ಹಸಿರು ಪಟ್ಟಿ ಬಂದು ಕೂತಿತು, ಹವಾಮಾನ ಹೇಳುತ್ತೇನೆ ಅಂತ. ಅದರ ಕೆಳಗೆ ಕಿತ್ತಳೆ ಬಣ್ಣದ್ದೊಂದು, ರಿಯಾಯಿತಿ ಕೂಪನ್ ತೋರಿಸುತ್ತೇನೆ ಅಂತ. ಅದರ ಕೆಳಗೆ ಭೂತಗನ್ನಡಿಯ ಚಿತ್ರವಿದ್ದ ಮೂರನೆಯದು. ಮೂರೂ ಸೇರಿ ಪರದೆಯ ಕಾಲುಭಾಗ ನುಂಗಿದ್ದವು. ಯಾವ ದಿನ ಬಂದವು ಅಂತ ಯಾರೂ ಗಮನಿಸಿರಲಿಲ್ಲ. ಏನೇ ಹುಡುಕಲಿ, ಮಾಮೂಲಿ ಪುಟದ ಬದಲು ಹೆಸರೇ ಕೇಳಿರದ ಯಾವುದೋ ಸರ್ಚ್ ಪುಟ ತೆರೆದುಕೊಂಡು ಮೊದಲು ಹತ್ತು ಜಾಹೀರಾತು ಸುರಿಯುತ್ತಿತ್ತು.

"ಏನಿದು, ಜಾತ್ರೆ ಅಂಗಡಿ ಥರ?" ಅಂತ ಡಾಕ್ಟರಮ್ಮ ಕೇಳಿದಾಗಲೆಲ್ಲ ಅತ್ತಿಗೆ, "ನಂಗೇನು ಗೊತ್ತು, ತಾನಾಗೇ ಬಂದಿದೆ" ಅನ್ನುತ್ತಿದ್ದಳು.

"ತಾನಾಗೇ ಬರೋಕೆ ಅದೇನು ಮೊಡವೆನಾ? ಯಾರೋ ಒತ್ತಿರಬೇಕು."

ಆ 'ಯಾರೋ' ಯಾರು ಅನ್ನುವುದನ್ನು ಅವಳು ಬಿಡಿಸಿ ಹೇಳುತ್ತಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಒಂದು ಮಂಗಳವಾರ ಹನ್ನೊಂದು ಗಂಟೆಯ ಹೊತ್ತಿಗೆ ಟ್ಯಾಕ್ಸಿ ಡ್ರೈವರೊಬ್ಬ ಸೀಟಿನ ಕವರಿನಲ್ಲಿ ನಾಯಿಯನ್ನು ಸುತ್ತಿಕೊಂಡು ಬಾಗಿಲನ್ನು ಭುಜದಿಂದ ತಳ್ಳಿ ಒಳಗೆ ಬಂದ. ಅದೇ ಬೀದಿಯ ಕೊನೆಯಲ್ಲಿ ಅವನ ಸ್ಟ್ಯಾಂಡು. ಕಂದು ಬಣ್ಣದ ನಾಯಿ ತಲೆಯಿಂದ ಬಾಲದವರೆಗೂ ನಡುಗುತ್ತಿತ್ತು, ಬಾಯಲ್ಲಿ ನೊರೆ.

"ಗಿಡಕ್ಕೆ ಬಸವನಹುಳ ಹತ್ತುತ್ತೆ ಅಂತ ವಿಷದ ಹರಳು ತಂದಿಟ್ಟಿದ್ದೆ. ಪೊಟ್ಟಣಾನೇ ಹರಿದು ತಿಂದುಬಿಟ್ಟಿದೆ ಡಾಕ್ಟ್ರೇ!"

ಅಂಥ ವಿಷವನ್ನು ಡಾಕ್ಟರಮ್ಮ ಹದಿನೈದು ವರ್ಷದಿಂದ ನೋಡಿರಲಿಲ್ಲ. ಸ್ನಾಯು ಸಡಿಲಿಸುವ ಔಷಧಿ ಬೇಕು ಅನ್ನುವುದು ನೆನಪಿತ್ತು, ಕಪಾಟಿನಲ್ಲಿ ಅದು ಇತ್ತು ಕೂಡ. ಎಷ್ಟರ ತನಕ ಕೊಡಬಹುದು ಅನ್ನುವುದು ಮರೆತಿತ್ತು. ನಾಯಿಯನ್ನು ಮೇಜಿನ ಮೇಲೆ ಮಲಗಿಸಿ, ಡ್ರೈವರಿಗೆ ಹಿಡಿದುಕೊಳ್ಳಲು ಹೇಳಿ, ಅವಳು ಕೌಂಟರಿಗೆ ಓಡಿ ಅತ್ತಿಗೆಯನ್ನು ಮೊಣಕೈಯಿಂದ ಸರಿಸಿ ಟೈಪ್ ಮಾಡಿದಳು. ಆ ಹೆಸರಿಲ್ಲದ ಪುಟ ತೆರೆಯಿತು. ಮೇಲಿನಿಂದ ಕೆಳಗಿನವರೆಗೂ ನಾಯಿ ಬಿಸ್ಕತ್ತು, ನಾಯಿ ಶಾಂಪೂ, ನಾಯಿಗೆ ಹಾಕುವ ಸ್ವೆಟರು. ಕೆಳಗೆ ಇಳಿಸಿ ಒಂದನ್ನು ಒತ್ತಿದಳು. ಪರದೆ ತುಂಬ ಕೆಂಪು ಚೌಕ ಹರಡಿ, ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ ಅಂತ ಕೀರಲು ದನಿಯಲ್ಲಿ ಕೂಗಲು ಶುರುಮಾಡಿತು. ಮುಚ್ಚಿದರೆ ಇನ್ನೊಂದು ಚೌಕ. ಅದನ್ನೂ ಮುಚ್ಚಿದರೆ ಮತ್ತೊಂದು. ಒಳಗೆ ಮೇಜಿನ ತಗಡು ನಾಯಿಯ ಉಗುರು ಬಡಿದು ಗಲಗಲ ಅನ್ನುತ್ತಿತ್ತು.

"ಏನು ಮಾಡಿಟ್ಟಿದೀಯ ಇದನ್ನ!" ಡಾಕ್ಟರಮ್ಮ ಕಿರುಚಿದಳು. "ಕಂಡಿದ್ದಕ್ಕೆಲ್ಲ ಹೂಂ ಹೂಂ ಅಂತ ಒತ್ತೋಕೆ ನಿಂಗೆ ಬುದ್ಧಿ ಇದೆಯಾ? ನೀನು ಕೈ ಇಟ್ಟ ಒಂದು ವಸ್ತು ನೆಟ್ಟಗಿದೆಯಾ ಇಲ್ಲಿ? ಆ ನಾಯಿ ಸತ್ತರೆ ನೀನೇ ಕೊಂದ ಹಾಗೆ!"

ಡ್ರೈವರ್ ನಾಯಿಯನ್ನು ಹಿಡಿದುಕೊಂಡೇ ತೆರೆದ ಬಾಗಿಲಿನಿಂದ ನೋಡುತ್ತಿದ್ದ. ಕಾಯುವ ಬೆಂಚಿನ ಮೇಲೆ ಗಿಳಿಯ ಪಂಜರ ಹಿಡಿದಿದ್ದ ಟೈಲರ್ ಹೆಂಗಸೂ ನೋಡುತ್ತಿದ್ದಳು. ಅತ್ತಿಗೆಯ ಮುಖ ಸುಣ್ಣದ ಹಾಗಾಯಿತು. ಡಾಕ್ಟರಮ್ಮ ಚೌಕಗಳನ್ನು ಮುಚ್ಚುತ್ತಿದ್ದಾಗಲೇ ಅವಳು ಗೋಡೆಗೆ ಅಂಟಿಸಿದ್ದ ಚೀಟಿಯ ನಂಬರಿಗೆ ಫೋನ್ ಹಚ್ಚಿದ್ದಳು; ಈಗ ರಿಸೀವರನ್ನು ಚಾಚಿದಳು.

"ಪಶುವೈದ್ಯ ಕಾಲೇಜು. ಪ್ರೊಫೆಸರು ಲೈನಲ್ಲಿದ್ದಾರೆ."

ಪ್ರೊಫೆಸರು ಅರ್ಧ ನಿಮಿಷದಲ್ಲಿ ಲೆಕ್ಕ ಹೇಳಿದರು. ಒಂದು ಗಂಟೆಯೊಳಗೆ ನಾಯಿಯ ನಡುಕ ಇಳಿಯಿತು, ಸಂಜೆ ಹೊತ್ತಿಗೆ ತಲೆ ಎತ್ತಿ ನೀರು ನೆಕ್ಕಿತು. ಅತ್ತಿಗೆ ತನ್ನ ಹೊತ್ತಿಗೆ ಕೈಚೀಲ ತಗೊಂಡು ಮನೆಗೆ ಹೋದಳು.

ಅವಳು ಹೋದ ಮೇಲೆ ಡಾಕ್ಟರಮ್ಮ ಕಂಪ್ಯೂಟರಿನ ಮುಂದೆ ಕೂತಳು. ಮೈಯಲ್ಲಿ ಸಿಟ್ಟು ಇನ್ನೂ ಕುದಿಯುತ್ತಿತ್ತು. ಬ್ರೌಸರಿಗೆ ಅಂಟಿಕೊಂಡ ಎಕ್ಸ್‌ಟೆನ್ಶನ್‌ಗಳ ಪುಟ ತೆರೆದು ಮೂರು ಪಟ್ಟಿಗಳನ್ನೂ ಒಂದೊಂದಾಗಿ ಕಿತ್ತಳು. ಸೆಟ್ಟಿಂಗಿಗೆ ಹೋಗಿ, ಸರ್ಚ್ ಎಂಜಿನ್ನುಗಳ ಸಾಲಿನಲ್ಲಿ ಗುರುತು ಸಿಗದವನ್ನೆಲ್ಲ ಅಳಿಸಿ ಹಳೆಯದನ್ನೇ ಮತ್ತೆ ಕೂರಿಸಿದಳು. ಹೋಮ್ ಪೇಜ್ ಬದಲಿಸಿದಳು. ಮುಚ್ಚಿ ತೆರೆದಳು. ಸ್ವಚ್ಛ. ಕಂಪ್ಯೂಟರನ್ನೇ ಆಫ್ ಮಾಡಿ ಆನ್ ಮಾಡಿದಳು. ಮೂರೂ ಪಟ್ಟಿ ಮೊದಲಿನ ಜಾಗದಲ್ಲೇ ಹಲ್ಲು ಕಿರಿಯುತ್ತಿದ್ದವು.

ಎರಡನೇ ಸಲವೂ ಹಾಗೇ ಆಯಿತು. ಇದನ್ನು ಒಳಗಿಂದ ಯಾವುದೋ ಮತ್ತೆ ಮತ್ತೆ ತಂದು ಹಾಕುತ್ತಿದೆ ಅಂತ ಅವಳಿಗೆ ಹೊಳೆದದ್ದು ಆಗ. ಕಂಪ್ಯೂಟರಿಗೆ ಹಾಕಿದ ಪ್ರೋಗ್ರಾಮುಗಳ ಪಟ್ಟಿ ತೆರೆದು ತಾರೀಖಿನ ಪ್ರಕಾರ ಜೋಡಿಸಿದಳು. ಹವಾಮಾನದ್ದು, ಕೂಪನ್ನಿನದು, ಹುಡುಕುವುದಕ್ಕೆ 'ಸಹಾಯಕ' ಅಂತ ಹೆಸರಿಟ್ಟುಕೊಂಡದ್ದು, ಮೂರೂ ಒಂದೇ ದಿನ ಬಂದಿದ್ದವು. ಅವುಗಳ ಜೊತೆಗೆ ಅದೇ ದಿನದ್ದು ನಾಲ್ಕನೆಯದೊಂದು ಇತ್ತು. ಎಕ್ಸ್-ರೇ ಚಿತ್ರಗಳನ್ನು ದೊಡ್ಡದು ಮಾಡಿ ನೋಡುವ ಪುಕ್ಕಟೆ ಪ್ರೋಗ್ರಾಮು.

ಡಾಕ್ಟರಮ್ಮ ಆ ತಾರೀಖನ್ನು ಎರಡು ಸಲ ಓದಿದಳು. ಆ ವಾರ ಅತ್ತಿಗೆ ಆಸ್ಪತ್ರೆಗೆ ಬಂದೇ ಇರಲಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡು, ಬಲಗಣ್ಣಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಮಲಗಿದ್ದಳು. ಕೌಂಟರಿನಲ್ಲಿ ಕೂತವಳು ಡಾಕ್ಟರಮ್ಮ ಒಬ್ಬಳೇ. ಕಾಲು ಮುರಿದ ಬೆಕ್ಕಿನ ಎಕ್ಸ್-ರೇ ನೋಡಬೇಕಿತ್ತು, ಅವಸರವಿತ್ತು, ಪುಕ್ಕಟೆ ಸಿಕ್ಕಿತು, ಇಳಿಸಿಕೊಂಡಿದ್ದಳು. ಮುಂದೆ, ಮುಂದೆ, ಒಪ್ಪಿಗೆ, ಮುಂದೆ. ಒಂದು ಸಾಲನ್ನೂ ಓದಿರಲಿಲ್ಲ.

ನಾಲ್ಕನ್ನೂ ತೆಗೆದು ಹಾಕಿದಳು. ತೆಗೆಯುವಾಗ ಒಂದೊಂದೂ 'ನಮ್ಮನ್ನು ಬಿಟ್ಟು ಹೋಗುವುದೇಕೆ?' ಅಂತ ಅಳುಮುಖದ ಚಿತ್ರ ತೋರಿಸಿ ಕೇಳಿತು. ಬ್ರೌಸರನ್ನು ಮತ್ತೆ ಒಮ್ಮೆ ತೊಳೆದು, ಆಫ್ ಮಾಡಿ ಆನ್ ಮಾಡಿದಳು. ಈ ಸಲ ಏನೂ ಬರಲಿಲ್ಲ. ತಾರೀಖೂ ಹೋಯಿತು, ಸಾಕ್ಷಿಯೂ ಹೋಯಿತು. ಮನೆಗೆ ಹೋಗುವ ದಾರಿಯುದ್ದಕ್ಕೂ, ನಾಳೆ ಹೇಳಿದರಾಯಿತು ಅಂದುಕೊಂಡಳು.

ಮರುದಿನ ಹೇಳಲಿಲ್ಲ. "ಸರಿಮಾಡಿದ್ದೀನಿ" ಅಂದಳು, ಅಷ್ಟೇ. ಅತ್ತಿಗೆ ಪರದೆ ನೋಡಿ ತಲೆಯಾಡಿಸಿದಳು. ಅದರ ಮರುದಿನವೂ ಹೇಳಲಿಲ್ಲ. ಅಷ್ಟರಲ್ಲಿ ಡ್ರೈವರಿನ ಬಾಯಿಂದ ಸುದ್ದಿ ಸ್ಟ್ಯಾಂಡಿಗೆ, ಟೈಲರ್ ಹೆಂಗಸಿನ ಬಾಯಿಂದ ಬೀದಿಗೆ ಹಬ್ಬಿತ್ತು. ಮೊಲ ತಂದಿದ್ದ ಬೇಕರಿಯವನು ಲಸಿಕೆಯ ತಾರೀಖು ಕೇಳಲು ಬಂದವನು, "ನೀವು ಬೇಡಮ್ಮ, ಡಾಕ್ಟ್ರೇ ನೋಡ್ಲಿ. ಮತ್ತೆ ಏನಾದ್ರೂ ಒತ್ತಿಬಿಟ್ಟೀರಿ" ಅಂತ ನಕ್ಕ. ಅತ್ತಿಗೆ ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಒಳಬಾಗಿಲಲ್ಲಿ ನಿಂತಿದ್ದ ಡಾಕ್ಟರಮ್ಮ ಆ ಎರಡು ಕೈಗಳನ್ನು ನೋಡಿದಳು. ಆಗಲೂ ಹೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ, ಬೆಂಚು ಖಾಲಿಯಿದ್ದಾಗ, ಅವಳು ಸಿರಿಂಜು ಜೋಡಿಸುತ್ತಾ ಬೆನ್ನು ತೋರಿಸಿಕೊಂಡೇ ಹೇಳಿದಳು.

"ಅದು ನಾನೇ ಹಾಕಿದ್ದು. ಆ ಪಟ್ಟಿಗಳು. ಎಕ್ಸ್-ರೇ ಪ್ರೋಗ್ರಾಮ್ ಜೊತೆ ಬಂದಿದ್ವು."

ಹಿಂದೆ ಅತ್ತಿಗೆ ಕೈಯಲ್ಲಿದ್ದ ಫೈಲನ್ನು ಮುಚ್ಚಿಟ್ಟಳು.

"ಯಾವಾಗ ಗೊತ್ತಾಯ್ತು ನಿಮಗೆ?"

"ಮಂಗಳವಾರ. ಸಂಜೆ."

"ಮಂಗಳವಾರ" ಅಂದಳು ಅತ್ತಿಗೆ. "ಇವತ್ತು ಶುಕ್ರವಾರ."

"ಹೇಳಬೇಕು ಅಂತಾನೇ ಇದ್ದೆ."

"ಬೈದಿದ್ದು ಬಿಡಿ. ನಾಯಿ ಸಾಯ್ತಿತ್ತು, ತಲೆ ಕೆಟ್ಟಿತ್ತು, ಒಪ್ಕೋತೀನಿ. ನೀನು ಗೀನು ಅಂದ್ರಲ್ಲ, ಅದನ್ನೂ ನುಂಗ್ತೀನಿ. ಆದ್ರೆ ಮೂರು ದಿನ, ಆ ಬೇಕರಿಯವನು ನನ್ನ ಮುಖಕ್ಕೆ ನಗೋದನ್ನ ನಿಂತು ನೋಡಿದ್ರಲ್ಲ?" ಅತ್ತಿಗೆಯ ದನಿ ಏರಲಿಲ್ಲ, ಆದರೆ ಹರಿತವಾಯಿತು. "ನಾಳೆ ಆ ಡ್ರೈವರ್ ನಾಯಿ ತೋರಿಸೋಕೆ ಬರ್ತಾನೆ. ಅವನ ಎದುರಿಗೆ ಹೇಳಿ."

"ಅವನ ಹತ್ರ ಯಾಕೆ? ನಮ್ಮಿಬ್ಬರ ಮಧ್ಯೆ ಮುಗಿಸೋಣ."

"ಬೈಯೋವಾಗ ನಮ್ಮಿಬ್ಬರ ಮಧ್ಯೆ ಬೈದಿರಾ?"

ಶನಿವಾರ ಡ್ರೈವರ್ ಬಂದ. ನಾಯಿ ಬಾಲ ಅಲ್ಲಾಡಿಸುತ್ತಾ ಅತ್ತಿಗೆಯ ಚಪ್ಪಲಿ ಮೂಸಿತು. ಬೆಂಚಿನ ಮೇಲೆ ಇನ್ನೂ ಇಬ್ಬರಿದ್ದರು. ಡಾಕ್ಟರಮ್ಮ ನಾಯಿಯ ನಾಲಿಗೆ ನೋಡಿದಳು, ತೂಕ ಬರೆದಳು, ಇನ್ನು ಬರೆಯಲು ಏನೂ ಉಳಿಯಲಿಲ್ಲ.

"ಅವತ್ತು ಕಂಪ್ಯೂಟರ್ ಕೆಡಿಸಿದ್ದು ಇವರಲ್ಲ, ನಾನು" ಅಂದಳು, ಕಾಗದದಿಂದ ತಲೆ ಎತ್ತದೆ. "ಇವರನ್ನ ಸುಮ್ಮನೆ ಅಂದುಬಿಟ್ಟೆ. ನಿಮ್ಮ ನಾಯಿ ಉಳಿದಿದ್ದು ಇವರು ಫೋನ್ ಮಾಡಿದ್ದರಿಂದ."

ಡ್ರೈವರ್ ಎಲ್ಲಿ ನೋಡುವುದೋ ತಿಳಿಯದೆ, "ಅಯ್ಯೋ, ಇರ್ಲಿ ಬಿಡಿ" ಅಂದ.

"ಇರೋದು ಬೇಡ. ಸ್ಟ್ಯಾಂಡಲ್ಲೂ ಹೇಳಿ" ಅಂದಳು ಅತ್ತಿಗೆ.

ಬಾಗಿಲು ಮುಚ್ಚುವ ಹೊತ್ತಿಗೆ ಡಾಕ್ಟರಮ್ಮ, ಇಷ್ಟಕ್ಕೆ ಮುಗಿಯಿತು ಅಂದುಕೊಂಡು ಕೈ ತೊಳೆಯುತ್ತಿದ್ದಳು. ಅತ್ತಿಗೆ ಕುರ್ಚಿ ಬಿಟ್ಟು ಏಳಲಿಲ್ಲ.

"ಹೊಸದೇನಾದ್ರೂ ಹಾಕಬೇಕು ಅಂದ್ರೆ ಮೊದಲು ಪಾಸ್‌ವರ್ಡ್ ಕೇಳೋ ಹಾಗೆ ಮಾಡಬಹುದಂತೆ. ನನ್ನ ಕಣ್ಣಿನ ಡಾಕ್ಟರ ಆಫೀಸಲ್ಲಿ ಹಾಗಿದೆ. ಅದನ್ನ ಮಾಡಿಕೊಡಿ."

"ಮಾಡೋಣ." ಡಾಕ್ಟರಮ್ಮ ಕೈ ಒರೆಸಿಕೊಂಡು ಬಂದು, ಪಕ್ಕದಲ್ಲಿ ನಿಂತೇ ಸೆಟ್ಟಿಂಗ್ ತೆರೆದಳು. "ಪಾಸ್‌ವರ್ಡ್ ಏನಿಡಲಿ?"

"ನೀವು ಆ ಕಡೆ ತಿರುಗಿ ನಿಂತ್ಕೊಳ್ಳಿ. ನಾನು ಇಡ್ತೀನಿ."

ಡಾಕ್ಟರಮ್ಮನ ಕಿವಿ ಕೆಂಪಾಯಿತು. "ಇದು ನನ್ನ ಆಸ್ಪತ್ರೆ!"

"ಅರ್ಧ ಗೋಡೆ ನಂದು. ಕಂಪ್ಯೂಟರ್ ಇರೋದು ನನ್ನ ಗೋಡೆ ಪಕ್ಕ."

ಒಂದು ನಿಮಿಷ ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಆಮೇಲೆ ಡಾಕ್ಟರಮ್ಮ ಹಲ್ಲು ಕಚ್ಚಿಕೊಂಡು ಕಿಟಕಿಯ ಕಡೆ ತಿರುಗಿ ನಿಂತಳು. ಹಿಂದೆ ಕೀಬೋರ್ಡು ನಿಧಾನವಾಗಿ, ಒಂದೊಂದೇ ಅಕ್ಷರ, ಬಹಳ ಹೊತ್ತು ಟಕ್ ಟಕ್ ಅಂದಿತು.

ಎರಡು ವಾರದ ಮೇಲೆ ಪ್ರಿಂಟರು ಹೊಸ ಪ್ರೋಗ್ರಾಮು ಬೇಕು ಅಂತ ಹಠ ಹಿಡಿಯಿತು. ಡಾಕ್ಟರಮ್ಮ ಕೌಂಟರಿನ ಬದಿಗೆ ಬಂದು ನಿಂತು ಅದನ್ನು ಹಾಕಿಕೊಡಿ ಅಂತ ಕೇಳಬೇಕಾಯಿತು. ಅತ್ತಿಗೆ ಕನ್ನಡಕ ಏರಿಸಿಕೊಂಡು, ಪರದೆಯ ಮೇಲೆ ಬೆರಳಿಟ್ಟು, ಷರತ್ತುಗಳ ಮೊದಲನೇ ಸಾಲಿನಿಂದ ಗಟ್ಟಿಯಾಗಿ ಓದಲು ಶುರುಮಾಡಿದಳು.

"ಅದನ್ನೆಲ್ಲ ಯಾರೂ ಓದಲ್ಲ" ಅಂದಳು ಡಾಕ್ಟರಮ್ಮ.

"ಗೊತ್ತು" ಅಂದು ಅತ್ತಿಗೆ ಎರಡನೇ ಸಾಲಿಗೆ ಹೋದಳು.