ಬಟನ್ ಒತ್ತುವವಳು

ಕೊಯಮತ್ತೂರಿನ ಆ ಪಂಪು ಕಾರ್ಖಾನೆಯಲ್ಲಿ ಒಂದು ಪದ್ಧತಿ. ಸಭೆಯಲ್ಲಿ ಮಾತಾಡುವವರು ಲ್ಯಾಪ್‌ಟಾಪ್ ಮುಟ್ಟುವುದಿಲ್ಲ. ಅವರು ವೇದಿಕೆಯ ಮೇಲೆ ಠೀವಿಯಿಂದ ನಿಂತು ‘ನೆಕ್ಸ್ಟ್ ಪ್ಲೀಸ್’ ಅನ್ನಬೇಕು, ಹಿಂದಿನ ಸಾಲಿನಲ್ಲಿ ಕೂತ ಯಾರೋ ಬಟನ್ ಒತ್ತಬೇಕು. ಹನ್ನೊಂದು ವರ್ಷದಿಂದ ಆ ಯಾರೋ ಎಂದರೆ ಲ್ಯಾಬಿನ ತಿಲಕವತಿ. ಎರಕದ ವಿಷಯದಲ್ಲಿ ಅವಳಿಗೆ ಗೊತ್ತಿಲ್ಲದ್ದಿಲ್ಲ, ಆದರೆ ಗೊತ್ತಿದ್ದು ಏನು ಬಂತು?

ಈ ಸಲವಾದರೂ ಹಾಗಾಗಬಾರದಿತ್ತು. ಸೋಮವಾರ ಎರೆದ ಪಂಪಿನ ಎರಕಗಳಲ್ಲಿ ಗುಳ್ಳೆ ಬಿದ್ದು ಒಡೆಯುವ ಕಾಯಿಲೆಯ ಮೂಲ ಹಿಡಿದವಳು ಅವಳು. ನಾಲ್ಕು ತಿಂಗಳು ಬೆಳಿಗ್ಗೆ ಆರಕ್ಕೇ ಹೋಗಿ, ಅಚ್ಚಿನ ಮರಳನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿದವಳು ಅವಳು. ಲ್ಯಾಬಿನ ಮುಖ್ಯಸ್ಥರು ನಿವೃತ್ತರಾಗುವವರಿದ್ದರು. ಖರೀದಿದಾರರ ಮುಂದೆ ಇದನ್ನು ಯಾರು ಮಂಡಿಸುತ್ತಾರೋ ಆ ಕುರ್ಚಿ ಅವರದೇ ಎಂದು ಎಲ್ಲರಿಗೂ ಗೊತ್ತಿತ್ತು. ಕಾರ್ಖಾನೆಯ ಮಾಲೀಕರು, ಎಲ್ಲರ ಬಾಯಲ್ಲಿ ಮುದಲಾಳಿ, ಅರಂಗಸಾಮಿ ಮಂಡಿಸುವ ಕೆಲಸ ಕೊಟ್ಟದ್ದು ನಿತಿಲನ್ ಎಂಬ ಇಂಜಿನಿಯರಿಗೆ. ಅವನು ಬಂದು ಇನ್ನೂ ಎರಡು ವರ್ಷವಾಗಿರಲಿಲ್ಲ.

“ನಿಮಗೆ ವಿಷಯ ಗೊತ್ತಮ್ಮ, ಇಲ್ಲ ಅನ್ನಲ್ಲ,” ಅಂದಿದ್ದರು ಮುದಲಾಳಿ. “ಆದ್ರೆ ನೀವು ನಿಂತ್ರೆ ಪಾಠ ಒಪ್ಪಿಸಿದ ಹಾಗಿರುತ್ತೆ. ಅವನಿಗೆ ಸ್ವಲ್ಪ ಹೇಳಿಕೊಡಿ.”

ಹೇಳಿಕೊಟ್ಟಳು, ಅವಳ ಹಣೆಬರಹ. ಪರದೆ ಓದಬೇಡಿ, ಜನರ ಮುಖ ನೋಡಿ. ಒಡೆದ ಎರಕವನ್ನು ಎತ್ತಿ ತೋರಿಸಿ, ಆಮೇಲೆ ಮೂರು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಒಂದು ಸ್ಲೈಡಿಗೆ ಒಂದೇ ಮಾತು. ಅವನೂ ಚುರುಕೇ, ಎಲ್ಲ ಕಲಿತುಕೊಂಡ. ಒಂದಕ್ಕೆ ಮಾತ್ರ ಮೂಗು ಮುರಿದ.

“ಅಕ್ಕಾ, ಈ ಮರಳಿನ ತೇವದ ನಕ್ಷೆ ತೆಗೀರಿ. ಬಂದೋರಿಗೆ ನಿದ್ದೆ ಬರುತ್ತೆ.”

“ಸೋಮವಾರವೇ ಯಾಕೆ ಕೆಡುತ್ತೆ ಅಂತ ಕೇಳಿದ್ರೆ?”

“ಯಾರು ಕೇಳ್ತಾರೆ ಬಿಡಿ. ಸುಮ್ನೆ ತಲೆ ತಿನ್ಬೇಡಿ.”

ತೆಗೆದಳು. ಆದರೆ ಅಳಿಸಲಿಲ್ಲ, ಕೊನೆಯ ‘ಧನ್ಯವಾದ’ ಸ್ಲೈಡಿನ ಹಿಂದೆ ಇಟ್ಟಳು. ಸಭೆಯ ದಿನ ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡೇ ತೀರ್ಮಾನಿಸಿದಳು: ಆ ಪ್ರಶ್ನೆ ಬರಲಿ, ಇವನು ಬಾಯಿ ಬಾಯಿ ಬಿಡಲಿ, ನಾನು ಬಟನ್ ಮುಟ್ಟುವುದಿಲ್ಲ. ಎದ್ದು ನಿಂತು ನಾನೇ ಹೇಳುತ್ತೇನೆ.

ನಿತಿಲನ್ ಚೆನ್ನಾಗಿಯೇ ಮಾತಾಡಿದ, ಅದನ್ನು ಒಪ್ಪಬೇಕು. ಎರಕ ಎತ್ತಿ ಹಿಡಿದು ಅವನು ಮೂರು ಎಣಿಸಿದಾಗ ಸಭೆಯೆಲ್ಲ ಕುರ್ಚಿಯಲ್ಲಿ ಮುಂದಕ್ಕೆ ಬಾಗಿತು. “ನಾನು ಕಂಡುಹಿಡಿದದ್ದು ಏನಂದ್ರೆ” ಎಂದಾಗ ತಿಲಕವತಿ ಇನ್ನೆಷ್ಟು ಸ್ಲೈಡು ಉಳಿದಿವೆ ಎಂದು ಲೆಕ್ಕ ಹಾಕಿದಳು. ಅಂತೂ ಧನ್ಯವಾದವೂ ಆಯಿತು.

ಆಗ ಖರೀದಿದಾರರ ಕಡೆಯ ಮುದುಕರೊಬ್ಬರು ಎದ್ದರು. ಚೆನ್ನಿಯಪ್ಪನ್ ಎಂದು, ಕುಲುಮೆಯ ಮುಂದೆಯೇ ತಲೆ ನರೆತವರು.

“ತಂಬಿ, ಎಲ್ಲಾ ಸರಿ. ಮರಳು ಅದೇ, ಆಳುಗಳು ಅವರೇ. ಸೋಮವಾರವೇ ಯಾಕಪ್ಪಾ ಗುಳ್ಳೆ? ಮಂಗಳವಾರ ಏನು ಮಡೀಲಿರುತ್ತಾ?”

ಸಭೆ ನಕ್ಕಿತು. ನಿತಿಲನ್ ಜನರ ಮುಖ ಬಿಟ್ಟು ಪರದೆಯತ್ತ ತಿರುಗಿದ. ತಿಲಕವತಿ ಸೆರಗು ಸರಿಮಾಡಿಕೊಂಡಳು. ಏಳಬೇಕು, ಈಗಲೇ ಏಳಬೇಕು. ಅಷ್ಟರಲ್ಲಿ ಅವನು ಬೇರೇನೂ ತೋಚದೆ ರೂಢಿಯ ಮಾತನ್ನೇ ಆಡಿದ.

“ನೆಕ್ಸ್ಟ್ ಪ್ಲೀಸ್.”

ಅವಳ ಬೆರಳು ಒತ್ತಿಬಿಟ್ಟಿತು. ಹನ್ನೊಂದು ವರ್ಷ ಪಳಗಿದ ಬೆರಳು, ಅವಳನ್ನು ಒಂದು ಮಾತೂ ಕೇಳಲಿಲ್ಲ. ಪರದೆಯ ಮೇಲೆ ನಕ್ಷೆ ಬಂತು, ಕೆಳಗೆ ಅವಳೇ ಬರೆದ ವಿವರಣೆ. ಭಾನುವಾರ ರಜೆಯಲ್ಲಿ ಮರಳು ಒಣಗುತ್ತದೆ, ಸೋಮವಾರ ಆಳುಗಳು ಕಣ್ಣಳತೆಯಲ್ಲಿ ನೀರು ಸುರಿಯುತ್ತಾರೆ, ನೀರು ಹೆಚ್ಚಾಗಿ ಗುಳ್ಳೆ ಏಳುತ್ತದೆ. ಎಲ್ಲ ಅಚ್ಚುಕಟ್ಟಾಗಿತ್ತು, ಯಾರು ಓದಿದರೂ ಅರ್ಥವಾಗುವಂತಿತ್ತು. ಅಷ್ಟು ಚೆನ್ನಾಗಿ ಯಾಕಾದರೂ ಬರೆದಳೋ. ಒಮ್ಮೆ ಕಣ್ಣಾಡಿಸಿ, ನಿತಿಲನ್ ಜನರ ಮುಖ ನೋಡಿಕೊಂಡೇ ಅದನ್ನು ಹೇಳಿದ.

“ಭಲೇ, ನಾನು ಕೇಳೋಕೆ ಮುಂಚೆನೇ ಉತ್ತರ ಇಟ್ಕೊಂಡಿದೀಯಲ್ಲಪ್ಪ,” ಎಂದು ಚೆನ್ನಿಯಪ್ಪನ್ ಕೂತರು.

ಚಪ್ಪಾಳೆ ಬಿತ್ತು. ಮುದಲಾಳಿ ಮೈಕು ತೆಗೆದುಕೊಂಡು, ಲ್ಯಾಬಿನ ಹೊಸ ಮುಖ್ಯಸ್ಥ ನಿತಿಲನ್ ಎಂದು ಅಲ್ಲೇ ಘೋಷಿಸಿಬಿಟ್ಟರು. ಆಮೇಲೆ ಹಿಂದಿನ ಸಾಲಿನತ್ತ ಕೈ ತೋರಿಸಿದರು.

“ಸರಿಯಾದ ಹೊತ್ತಿಗೆ ಬಟನ್ ಒತ್ತಿದ ನಮ್ಮ ತಿಲಕವತಿಯಮ್ಮನಿಗೂ ಒಂದು ಚಪ್ಪಾಳೆ. ಏಳಮ್ಮ, ಎಲ್ಲರೂ ನೋಡ್ಲಿ.”

ಅವಳು ಎದ್ದು ಕೈಮುಗಿದಳು. ಬೆಳಿಗ್ಗೆ ಬಸ್ಸಿನಲ್ಲಿ ಅಂದುಕೊಂಡಂತೆ ಎದ್ದು ನಿಂತದ್ದೂ ಆಯಿತು.