ಉಣ್ಣುವ ಹೊತ್ತಿನ ಫೋನು

ನೇಪಾಳಕ್ಕೆ ಹೋಗುತ್ತೇನೆಂದು ಕುಸುಮಬಾಯಿ ತಾನಾಗಿ ಯಾರ ಮುಂದೆಯೂ ಅಂದವಳಲ್ಲ. ಉದಗೀರದಲ್ಲಿರುವ ಚಿಕ್ಕಮ್ಮನ ಮಗಳು ಗಿರಿಜಾಬಾಯಿ ಫೋನು ಮಾಡಿ, "ನಮ್ಮ ಮಠದ ರಾಚಯ್ಯನೋರು ಪಶುಪತಿನಾಥಕ್ಕ ಬಸ್ ತಗೊಂಡು ಹೊಂಟಾರ, ನಿನ್ನ ಹೆಸರೂ ಬರಸೀನಿ ನೋಡಕ್ಕಾ" ಎಂದಾಗ ಆಕೆ ಕೇಳಿದ್ದು ಒಂದೇ ಮಾತು.

"ಇವರಿಗಿ ಉಣಸೋರು ಯಾರವ್ವ?"

ಇವರು ಎಂದರೆ ಗಂಡ ಮನ್ಮಥಪ್ಪ. ಕಾಸಾರಶಿರಸಿ ಪೇಟೆಯಲ್ಲಿ ಹರೆಯದಿಂದ ಬಟ್ಟೆ ಅಂಗಡಿ ನಡೆಸಿದ ಮನುಷ್ಯ. ಲಕ್ವಾ ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿ ಮೂರು ವರ್ಷವಾಗಿತ್ತು. ಮಾತಿನಲ್ಲಿ ಉಳಿದದ್ದು ಹೂಂ, ಊಹೂಂ ಎರಡೇ. ಅಂದಿನಿಂದ ಹೆಂಡತಿಯ ಕೈ ಬಿಟ್ಟರೆ ಇನ್ನೊಬ್ಬರ ಕೈಯಿಂದ ಅವನು ತುತ್ತು ತೆಗೆದುಕೊಂಡಿರಲಿಲ್ಲ. ಸೊಸೆ ದೀಪಾಲಿ ಚಮಚ ಹಿಡಿದರೆ ಹಲ್ಲು ಕಚ್ಚಿ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ. ಬೆಳಿಗ್ಗೆ ಎಬ್ಬಿಸಿ ಮೈ ಒರೆಸುವುದು, ಹಣೆಗೆ ವಿಭೂತಿ ಹಚ್ಚುವುದು, ಎಡಗೈಯಲ್ಲಿ ಲಿಂಗವಿಟ್ಟು ಅದರ ಕೆಳಗೆ ತನ್ನ ಕೈ ಆನಿಸಿ ಪೂಜೆ ಮಾಡಿಸುವುದು, ರೊಟ್ಟಿ ಮುರಿದು ಬೇಳೆಕಟ್ಟಿನಲ್ಲಿ ನೆನೆಸಿ ಉಣಿಸುವುದು, ಎಲ್ಲವೂ ಕುಸುಮಬಾಯಿಯದೇ. ರಾತ್ರಿ ನಿದ್ದೆಯಿಲ್ಲದೆ ಕುಳಿತಲ್ಲೇ ಆಕೆಗೆ ಜೋಂಪು ಹತ್ತುತ್ತಿತ್ತು. ಒಮ್ಮೆ ಒಲೆಯ ಮುಂದೆ ಹಾಗೇ ತೂಕಡಿಸಿ ಸೆರಗಿಗೆ ಬೆಂಕಿ ತಗುಲಿದಾಗ ಓಡಿಬಂದು ಆರಿಸಿದವಳು ದೀಪಾಲಿ.

ಹೋಗಲೇಬೇಕೆಂದು ಹಟ ಹಿಡಿದವಳೂ ಅವಳೇ. "ಅತ್ತಿ, ಉಣ್ಣೂ ಹೊತ್ತಿಗಿ ನಾ ವಿಡಿಯೋ ಕಾಲ್ ಹಚ್ತೀನ್ರಿ. ನಿಮ್ಮ ಮುಖ ಕಂಡ್ರ ಮಾಮಾ ಉಣ್ತಾರ. ನೋಡ್ರಿ ಬೇಕಾದ್ರ." ಮರುದಿನ ಕುಸುಮಬಾಯಿಯನ್ನು ಅಡುಗೆಮನೆಯಲ್ಲಿ ಕೂರಿಸಿ ಪಡಸಾಲೆಯಿಂದ ಫೋನು ಹಚ್ಚಿ ನೋಡಿದಳು. ಮನ್ಮಥಪ್ಪ ಫೋನಿನೊಳಗಿನ ಹೆಂಡತಿಯನ್ನೇ ದಿಟ್ಟಿಸುತ್ತ ಸೊಸೆಯ ಚಮಚಕ್ಕೆ ಬಾಯಿ ತೆರೆದ.

ಮಗ ಸಿದ್ಧೇಶ್ವರ ಅಂಗಡಿಯ ಪೋಸ್ಟ್‌ಪೇಡ್ ನಂಬರನ್ನೇ ತಾಯಿಗೆ ಕೊಟ್ಟ. ಪರದೇಶದಲ್ಲಿ ನಡೆಯಬೇಕೆಂದು ಕಂಪನಿಗೆ ಹೇಳಿ ಚಾಲೂ ಮಾಡಿಸಿದ. ರೋಮಿಂಗ್ ಎಂಬುದು ಅವನಿಗೆ ಹೊಸ ಮಾತೇನಲ್ಲ. ಊರು ಇರುವುದೇ ಮಹಾರಾಷ್ಟ್ರದ ಗಡಿಯಲ್ಲಿ. ಹಿಂದೆ ಮೂಡಣ ಹೊಲಕ್ಕೆ ಹೋದರೆ ಫೋನು ಕರ್ನಾಟಕದ ಟವರು ಹಿಡಿಯುತ್ತಿತ್ತು, ಬಂದ ಕರೆಗೂ ದುಡ್ಡು ಮುರಿದುಕೊಳ್ಳುತ್ತಿತ್ತು. ಹೊಲದ ಬದಿಯ ಬೇವಿನ ಮರದ ಈಚೆ ನಿಂತು ಮಾತಾಡಿ ಆಚೆ ಹೋಗಿ ಕಳೆ ಕೀಳುವುದು ರೂಢಿಯಾಗಿತ್ತು. ಈಗ ಅದೆಲ್ಲ ತೆಗೆದುಹಾಕಿದ್ದಾರೆಂದು ಅವನು ತಿಳಿದಿದ್ದ. "ನೇಪಾಳ ಅಂದ್ರ ಎಷ್ಟರ ಪರದೇಶ? ನಮ್ಮ ನೋಟೇ ನಡೀತಾವ ಅಲ್ಲಿ. ಮಾತಾಡು ಅವ್ವ, ಎಷ್ಟ ಬೇಕಾರ ಮಾತಾಡು" ಎಂದು ಬಸ್ಸು ಹತ್ತಿಸಿದ.

ನೇಪಾಳದ ಗಡಿ ದಾಟುತ್ತಲೇ ಫೋನಿಗೆ ಇಂಗ್ಲಿಷಿನಲ್ಲಿ ಏನೇನೋ ಸಂದೇಶ ಬಂದವು. "ಕಂಪನಿಯೋರು ದಿನಾ ಏನರೆ ಕಳಸ್ತಾರ, ಬಿಡು" ಎಂದಳು ಪಕ್ಕದ ಸೀಟಿನ ಗಿರಿಜಾಬಾಯಿ. ಬಸ್ಸಿನಲ್ಲಿ ಉಳಿದವರ ಫೋನುಗಳೆಲ್ಲ ಸತ್ತುಹೋಗಿದ್ದವು. ರಾಚಯ್ಯ ಸ್ವಾಮಿ ಎಲ್ಲರಿಗೂ ಆಗಲೆಂದು ಅಲ್ಲಿಯದೇ ಒಂದು ಸಿಮ್ ಕೊಂಡು ತನ್ನ ಗುಂಡಿ ಫೋನಿಗೆ ಹಾಕಿಕೊಂಡ. ಕುಸುಮಬಾಯಿಯದು ಮಾತ್ರ ಊರಲ್ಲಿ ನಡೆದಂತೆ ನಡೆಯುತ್ತಿತ್ತು. ಅದು ಆಕೆಗೆ ಒಳಗೊಳಗೇ ಹೆಮ್ಮೆಯೂ ಆಯಿತು, ಹೊರೆಯೂ ಆಯಿತು.

ಯಾಕೆಂದರೆ ಹೊತ್ತು ಹೊತ್ತಿಗೆ ಕರೆ ಬರುತ್ತಿತ್ತು. ಬಸ್ಸು ಘಾಟಿಯಲ್ಲಿ ಓಲಾಡುತ್ತಿದ್ದರೂ ಫೋನನ್ನು ಮುಖದೆದುರು ಅಲುಗದಂತೆ ಹಿಡಿಯಬೇಕು. ಮುಖ ಮರೆಯಾದರೆ ಅಲ್ಲಿ ಬಾಯಿ ಮುಚ್ಚುತ್ತಿತ್ತು. ಊಟ ಮುಗಿದರೂ ದೀಪಾಲಿ ಫೋನು ಇಡುವಂತಿರಲಿಲ್ಲ. ಇಟ್ಟರೆ ಮನ್ಮಥಪ್ಪ ಊಹೂಂ ಊಹೂಂ ಎಂದು ಮಂಚ ಬಡಿಯುತ್ತಿದ್ದ. ಕಿಟಕಿಯಾಚೆ ಹೊಳೆ, ಗುಡ್ಡ, ಮೆಟ್ಟಿಲು ಮೆಟ್ಟಿಲಾದ ಗದ್ದೆ ಬಂದು ಹೋದವು. "ಅಗಾ ನೋಡಕ್ಕಾ" ಎಂದು ಗಿರಿಜಾಬಾಯಿ ತಿವಿದಾಗ, "ಹೂಂ, ನೋಡ್ದೆ" ಎನ್ನುತ್ತ ಕುಸುಮಬಾಯಿ ಫೋನನ್ನೇ ನೋಡುತ್ತಿದ್ದಳು. ಪಶುಪತಿನಾಥನ ಗುಡಿಯೊಳಗೆ ಫೋನು ಒಯ್ಯುವಂತಿರಲಿಲ್ಲ. ಅಲ್ಲಿ ಕಣ್ಣು ಮುಚ್ಚಿ ಕೈಮುಗಿದವಳಿಗೆ, ಅವರು ಉಂಡರೋ ಇಲ್ಲವೋ ಎಂಬುದೇ ನೆನಪಾಯಿತು.

ಮರುದಿನ ಭಕ್ತಪುರಕ್ಕೆ ಕರೆದೊಯ್ದರು. ನೇಪಾಳದಲ್ಲಿ ಭೂಕಂಪವಾಗಿ ಮೂರ್ನಾಲ್ಕು ವರ್ಷ ಕಳೆದಿದ್ದರೂ ಓಣಿಗಳಲ್ಲಿ ಅದು ಹಾಗೇ ಇತ್ತು. ಕೆಂಪು ಇಟ್ಟಂಗಿಯ ಮನೆಗಳಿಗೆ ಅಡ್ಡಡ್ಡ ಮರದ ತೊಲೆ ಆನಿಸಿ ನಿಲ್ಲಿಸಿದ್ದರು. ಒಂದು ಮನೆಗೆ ಮುಂಗೋಡೆ ಇರಲಿಲ್ಲ. ಮೇಲಿನ ಕೋಣೆಯ ಗೂಡಿನಲ್ಲಿ ಒಂದು ತಟ್ಟೆ ಹಾಗೇ ಕುಳಿತಿತ್ತು. ಪಕ್ಕದ ಬಯಲಿನಲ್ಲಿ ತಗಡಿನ ಶೆಡ್ಡು, ಅದರ ಬಾಗಿಲಲ್ಲಿ ಒಬ್ಬ ಮುದುಕಿ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಕುಸುಮಬಾಯಿ ಅಲ್ಲೇ ನಿಂತುಬಿಟ್ಟಳು. ಇಪ್ಪತ್ತೈದು ವರ್ಷದ ಹಿಂದೆ ಕಿಲ್ಲಾರಿಯ ಭೂಕಂಪದ ನಸುಕಿನಲ್ಲಿ ತಮ್ಮ ಮಣ್ಣಿನ ಮನೆ ಬಿದ್ದಮೇಲೆ ಅಂಥ ತಗಡಿನಡಿಯಲ್ಲೇ ಆಕೆ ಸಿದ್ಧೇಶ್ವರನನ್ನು ಬೆಳೆಸಿದ್ದಳು. ಮನ್ಮಥಪ್ಪನ ತಂಗಿ ಚಂಪಾಬಾಯಿ ಹೆರಿಗೆಗೆಂದು ತವರಿಗೆ ಬಂದವಳು ಆ ಗೋಡೆಯಡಿ ಹೋದಳು. ಮಣ್ಣು ಸರಿಸಿ ಹೊರಗೆ ತೆಗೆದವನು ಮನ್ಮಥಪ್ಪನೇ. ಆ ಮೇಲೆ ಅವನು ತಂಗಿಯ ಹೆಸರೆತ್ತಲಿಲ್ಲ, ಮನೆಯಲ್ಲಿ ಬೇರೆ ಯಾರೂ ಎತ್ತಲಿಲ್ಲ.

ಅಷ್ಟರಲ್ಲಿ ಫೋನು ಬಂತು. ಮಧ್ಯಾಹ್ನದ ಊಟ. ಆಕೆ ಕಟ್ಟೆಯೊಂದರ ಮೇಲೆ ಕುಳಿತು ಎತ್ತಿದಳು. ಹಿಂದಿನ ಗೋಡೆ ಅವನ ಕಣ್ಣಿಗೆ ಬಿದ್ದಿರಬೇಕು. ಚಮಚ ಸರಿಸಿ ಎಡಗೈ ಬೆರಳು ತೋರಿಸಿದ.

"ಏನ್ರಿ? ಇದಾ? ಇಲ್ಲೀನೂ ನಡುಗ್ಯಾದರೀ ಭೂಮಿ. ನೋಡ್ರಿ" ಎಂದು ಆಕೆ ಫೋನನ್ನು ತಿರುಗಿಸಿ ಹಿಡಿದಳು. ತೊಲೆ, ಬಿರುಕು, ಗೂಡಿನ ತಟ್ಟೆ, ತಗಡು. ಆ ಕಡೆಯಿಂದ ಹಳೆಯ ಬಾಗಿಲು ಜಗ್ಗಿದಂತೆ ಒಂದು ದನಿ.

"ಚಂ... ಚಂಪಾ."

ದೀಪಾಲಿ ಚಮಚ ಕೆಳಗಿಟ್ಟು ಕೂಗಿದಳು. "ಅತ್ತಿ! ಮಾಮಾ ಮಾತಾಡ್ಯಾರ್ರೀ!"

"ಹೂಂರಿ, ಚಂಪಾ" ಎಂದಳು ಕುಸುಮಬಾಯಿ. ಅವನು ಅಳುತ್ತಿದ್ದ, ಮತ್ತೆ ಮತ್ತೆ ಅದೇ ಹೆಸರು ಹೇಳುತ್ತಿದ್ದ. ಗುಂಪಿನವರು ಗುಡಿ ನೋಡಿ, ಮೊಸರು ತಿಂದು, ತಿರುಗಿ ಬರುವವರೆಗೂ ಆಕೆ ಆ ಕಟ್ಟೆ ಬಿಟ್ಟೇಳದೆ ಆ ಗೋಡೆಯನ್ನೇ ತೋರಿಸುತ್ತ ಕುಳಿತಳು.

ಮಾರನೆಯ ಬೆಳಿಗ್ಗೆ ಪೋಖರಾ ದಾರಿಯಲ್ಲಿ ಫೋನು ನಿಂತುಹೋಯಿತು. ಚಾರ್ಜ್ ಇದೆ, ಟವರಿನ ಗೆರೆ ಇದೆ, ಕರೆ ಮಾತ್ರ ಹೋಗದು, ಬರದು. ಕುಸುಮಬಾಯಿ ರಾಚಯ್ಯನ ಗುಂಡಿ ಫೋನಿನಿಂದ ಮಗನಿಗೆ ಹಚ್ಚಿಸಿದಳು.

"ನಿನ್ನ ಫೋನ್ ಕಂಪನಿಯೋರು ಬಂದ್ ಮಾಡ್ಯಾರ ಅವ್ವ" ಎಂದ ಸಿದ್ಧೇಶ್ವರ. ದನಿ ಬಿಗಿಯಾಗಿತ್ತು.

"ಯಾಕ? ಅಪ್ಪಾ ಉಂಡಾರೇನು?"

"ಇನ್ನ ಇಲ್ಲ. ದೀಪಾಲಿ ನೋಡ್ಕೋತಾಳ. ನೀ ಆರಾಮ ಬಾ."

ಆಕೆ ಸೀಟಿಗೆ ಬಂದು ಕುಳಿತಳು. ಮಡಿಲಲ್ಲಿ ಕೈಗಳು ಖಾಲಿ ಬಿದ್ದಿದ್ದವು. ಅವರು ಹಸಿದಿರುತ್ತಾರೆ, ನಾನು ಇಲ್ಲಿದ್ದೇನೆ ಎಂದುಕೊಂಡದ್ದು ಆಕೆಗೆ ನೆನಪಿದೆ. ಆಮೇಲೆ ಏನೂ ನೆನಪಿಲ್ಲ. ಗಿರಿಜಾಬಾಯಿಯ ಹೆಗಲ ಮೇಲೆ ತಲೆ ಬಿತ್ತು. ಊಟಕ್ಕೆ ನಿಂತಾಗ ಎಬ್ಬಿಸಿದರು, ಏಳಲಿಲ್ಲ. ಹಿಮದ ಗುಡ್ಡ ಕಂಡಿತೆಂದು ಬಸ್ಸಿಗೆ ಬಸ್ಸೇ ಕೂಗಿಕೊಂಡಾಗಲೂ ಏಳಲಿಲ್ಲ. ಕೊನೆಗೆ ಗಿರಿಜಾಬಾಯಿ ಮೂಗಿನ ಹತ್ತಿರ ಬೆರಳು ಹಿಡಿದು ಉಸಿರು ನೋಡಿ, ಶಾಲು ಹೊದಿಸಿ ಬಿಟ್ಟಳು. ಮೂರು ವರ್ಷದಲ್ಲಿ ಆಕೆ ಮಾಡಿದ ತುಂಬು ನಿದ್ದೆ ಅದೊಂದೇ.

ಊರಿಗೆ ಮರಳಿದಾಗ ಮನ್ಮಥಪ್ಪ ಹೆಂಡತಿಯ ಮುಖವನ್ನು ಬಹಳ ಹೊತ್ತು ನೋಡಿ, ಎಡಗೈಯಿಂದ ಆಕೆಯ ಮೊಣಕೈ ಹಿಡಿದುಕೊಂಡ. ಫೋನು ಬಂದಾದ ಆ ದಿನ ಬೆಳಿಗ್ಗೆಯೂ ಮಧ್ಯಾಹ್ನವೂ ಅವನು ಬಾಯಿ ತೆರೆದಿರಲಿಲ್ಲವಂತೆ. ಸಂಜೆ ಹಸಿವು ತಾಳದೆ ಸೊಸೆಯ ಕೈಯಿಂದ ಉಂಡನಂತೆ. ಹೇಳುವಾಗ ದೀಪಾಲಿಯ ಮುಖದಲ್ಲಿ ಗೆದ್ದ ಕಳೆಯೇನೂ ಇರಲಿಲ್ಲ, ಅವಳೂ ಸೋತು ಹೋಗಿದ್ದಳು.

ಬಿಲ್ಲಿನ ಮಾತನ್ನು ಸಿದ್ಧೇಶ್ವರ ಎರಡು ದಿನ ಬಿಟ್ಟು ತೆಗೆದ. ಮೂವತ್ತೆಂಟು ಸಾವಿರ.

"ಎಲ್ಲಾ ಆ ವಿಡಿಯೋಕ್ಕ ಹತ್ಯಾದ. ಅದ್ರಾಗ ಅರ್ಧಾ ಒಂದೇ ದಿನದ್ದು. ಆ ದಿನ ಅಷ್ಟ ಹೊತ್ತು ಏನ್ ನೋಡಿದ್ರಿ ಇಬ್ಬರೂ?"

"ಗೋಡಿ" ಎಂದಳು ಕುಸುಮಬಾಯಿ.

"ಗೋಡಿ!"

"ನಿಮ್ಮ ಸೋದರತ್ತಿ ಹೆಸರ ತಗೊಂಡಿದ್ರು ಮಾಮಾ. ನಿಮಗ ಹೇಳಿದ್ನೆಲ್ಲ" ಎಂದಳು ದೀಪಾಲಿ. ಸಿದ್ಧೇಶ್ವರ ಬಿಲ್ಲು ಮಡಿಚಿ ಜೇಬಿಗಿಟ್ಟ. "ಎಷ್ಟ ಬೇಕಾರ ಮಾತಾಡು ಅಂದಾಂವಾ ನಾನೇ" ಎಂದ.

ಬಿಲ್ಲು ಕಮ್ಮಿ ಮಾಡಿಸಲು ಹೋದರೆ ನಿಲಂಗಾದ ಸಿಮ್ ಅಂಗಡಿಯವನು ಕೈ ಎತ್ತಿ, ಕಂಪನಿಗೇ ಫೋನು ಮಾಡಿ ಎಂದ. ಕಂಪನಿಯ ಹುಡುಗಿ ನಯವಾಗಿಯೇ ಮಾತಾಡಿದಳು: ನಂಬರು ಯಾರ ಹೆಸರಿನಲ್ಲಿದೆಯೋ ಅವರೇ ಹೆಸರು, ಹುಟ್ಟಿದ ದಿನ ಹೇಳಿದರೆ ಮಾತ್ರ ದೂರು ಬರೆದುಕೊಳ್ಳುತ್ತೇವೆ. ನಂಬರು ಮನ್ಮಥಪ್ಪನ ಹೆಸರಿನಲ್ಲಿತ್ತು. ಅಪ್ಪನಿಗೆ ಲಕ್ವಾ, ಮಾತಿಲ್ಲ ಎಂದು ಸಿದ್ಧೇಶ್ವರ ಎಷ್ಟು ಹೇಳಿದರೂ ಅವಳು ಅದನ್ನೇ ಅನ್ನುತ್ತಿದ್ದಳು. ಬೇರೆ ದಾರಿ ಕಾಣದೆ ಅವನು ತಂದೆಯ ಮಂಚದ ಮೇಲೆ ಕುಳಿತು ಎಲ್ಲವನ್ನೂ ತಿಳಿಸಿದ: ರೋಮಿಂಗು, ಬಿಲ್ಲು, ರಕಮು. ಕೊನೆಗೆ ಫೋನನ್ನು ಅವನ ಕಿವಿಗೆ ಹಿಡಿದ.

ಮನ್ಮಥಪ್ಪ ತುಟಿ ಕೂಡಿಸಿದ. "ಮ..." ಎಂದ. ಕತ್ತಿನ ನರ ಉಬ್ಬಿದವು. "ಮ... ಮ..." ಆ ಕಡೆಯ ಹುಡುಗಿ ಮರಾಠಿಯಲ್ಲಿ, ದನಿ ಕೇಳುತ್ತಿಲ್ಲ, ದಯವಿಟ್ಟು ಜೋರಾಗಿ ಹೇಳಿ ಎನ್ನುತ್ತಿದ್ದಳು. ಅವನ ಹಣೆಯಲ್ಲಿ ಬೆವರು ಇಳಿದು ವಿಭೂತಿ ಕದಡಿತು. ಕುಸುಮಬಾಯಿ ಬಂದು ಮಗನ ಕೈಯಿಂದ ಫೋನು ಕಿತ್ತುಕೊಂಡು ಕೆಳಗಿಟ್ಟಳು.

"ಸಾಕು. ಕಟ್ಟಿಬಿಡು ರೊಕ್ಕ."

"ಅವ್ವ, ಸ್ವಲ್ಪ ಕಮ್ಮಿ ಆದ್ರೂ..."

"ಕಟ್ಟಿಬಿಡು ಅಂದ್ನೆಲ್ಲ."

ಅವನು ಕಟ್ಟಿದ. ಅಂಗಡಿಗೆ ಹೊಸ ಮಾಲು ತರಲೆಂದು ಇಟ್ಟ ದುಡ್ಡು ಅದು.

ಕಟ್ಟಿ ಬಂದ ಮಧ್ಯಾಹ್ನ ಕುಸುಮಬಾಯಿ ರೊಟ್ಟಿ ನೆನೆಸಿದ ತಟ್ಟೆ ಹಿಡಿದು ಮಂಚದ ಪಕ್ಕ ಕುಳಿತಳು. ಮನ್ಮಥಪ್ಪ ಬಾಯಿ ತೆರೆಯಲಿಲ್ಲ.

"ಯಾಕ್ರಿ? ಹಸಿವಿಲ್ಲೇನು?"

"ಊಹೂಂ." ಅವನು ಎಡಗೈಯನ್ನು ಅಡುಗೆಮನೆಯ ಕಡೆ ಚಾಚಿದ. ದೀಪಾಲಿ ಕೈ ಒರೆಸುತ್ತ ಹೊರಗೆ ಬಂದು ನಿಂತಳು. ಅವನು ಸೊಸೆಯನ್ನು ತೋರಿಸಿ ತಟ್ಟೆ ತೋರಿಸಿದ.

"ಆಕಿ ಉಣಸ್ಲಿ ಅಂತೀರೇನು?"

"ಹೂಂ."

ಕುಸುಮಬಾಯಿಗೆ ತಟ್ಟೆ ಬಿಡಲಾಗಲಿಲ್ಲ. ಸಿಟ್ಟೋ, ನಾಚಿಕೆಯೋ, ಏನೆಂದು ಆಕೆಗೇ ತಿಳಿಯಲಿಲ್ಲ. ದೀಪಾಲಿ ಮೆಲ್ಲಗೆ ತಟ್ಟೆ ತೆಗೆದುಕೊಂಡು, "ನೀವು ಒಳಗ ಹೋಗಿ ಸ್ವಲ್ಪ ಅಡ್ಡಾಗ್ರಿ ಅತ್ತಿ" ಎಂದಳು.

ಒಳಕೋಣೆಯ ಚಾಪೆಯ ಮೇಲೆ ಆಕೆ ಮಗ್ಗುಲಾದಳು. ನಿದ್ದೆ ಬರಲಿಲ್ಲ. ಹೊರಗೆ ಚಮಚ ತಟ್ಟೆಗೆ ತಗಲುವ ಸದ್ದು, ನಡುನಡುವೆ ಅವನ ಕೆಮ್ಮು, "ಸಾವಕಾಶ ಮಾಮಾ, ಸಾವಕಾಶ" ಎಂಬ ಸೊಸೆಯ ಮಾತು. ಪ್ರತಿ ಕೆಮ್ಮಿಗೂ ಏಳಬೇಕೆನಿಸುತ್ತಿತ್ತು. ಆಕೆ ಏಳಲಿಲ್ಲ.